ರಾಂಚ್ ಕ್ರಿಸ್‌ಮಸ್ ಸಿನಿಮಾ ಯಾವುದು ನೋಡೋಣ? ಹೊಗಳಿದವರನ್ನು ಬಿಡಿ, ಬೈದವರ ಮಾತು ಓದಿ

ಅಮ್ಮನನ್ನು ಕರೆದುಕೊಂಡು ಒಂದು ಡಿಸೆಂಬರ್ ಪೂರ್ತಿ ಕೆನಡಾದ ಕ್ಯಾಲ್ಗರಿಯ ಅಕ್ಕನ ಮನೆಯಲ್ಲಿದ್ದೆ. ಆ ತಿಂಗಳು ಅಲ್ಲಿ ಸಂಜೆ 4.30ಕ್ಕೆಲ್ಲ ಹೊತ್ತು ಮುಳುಗುತ್ತದೆ. ಹೊರಗೆ ಮೈನಸ್ 20. ರಾತ್ರಿ ಊಟಕ್ಕೆ ಇನ್ನೂ ಮೂರು ಗಂಟೆ ಉಳಿದಿರುತ್ತದೆ. ಕಂಬಳಿ ಹೊದ್ದು ಟಿವಿ ಮುಂದೆ ಕೂರುವುದು ಬಿಟ್ಟು ಮತ್ತೇನು ಮಾಡುವುದು?

ಅಕ್ಕನಿಗೆ ಟಿವಿಗೆಂದೇ ತಯಾರಾಗುವ ಕ್ರಿಸ್‌ಮಸ್ ಪ್ರೇಮಕಥೆಗಳ ಹುಚ್ಚು. ಅದರಲ್ಲೂ ರಾಂಚ್‌ನಲ್ಲಿ, ಅಂದರೆ ದನ ಕುದುರೆ ಮೇಯಿಸುವ ದೊಡ್ಡ ಜಮೀನಿನಲ್ಲಿ, ನಡೆಯುವ ಕಥೆಯಾದರೆ ಫೋನ್ ಕೂಡ ಎತ್ತುವುದಿಲ್ಲ. ಭಾವನಿಗೆ ಅಂಕ ನೋಡದೆ ಸಿನಿಮಾ ಹಾಕಿದರೆ ಸಮಾಧಾನವಿಲ್ಲ. ಅಮ್ಮ ನಲವತ್ತು ವರ್ಷ ಹಸು ಸಾಕಿ ಡೇರಿಗೆ ಹಾಲು ಹಾಕಿದವಳು. ಅವಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೆ ತೆರೆಯ ಮೇಲೆ ದನ ಬಂದರೆ ಕನ್ನಡಕ ಸರಿಮಾಡಿಕೊಳ್ಳುತ್ತಾಳೆ.

ಮೊದಲ ರಾತ್ರಿಯೇ ಜಗಳ. ಭಾವ ಸಿನಿಮಾಗಳಿಗೆ ನೋಡುಗರು ಅಂಕ ಕೊಡುವ ಐಎಂಡಿಬಿ ಜಾಲತಾಣ ತೆರೆದು, "ಇದಕ್ಕೆ 5.8, ಅದಕ್ಕೆ 6.1, ಅದನ್ನೇ ಹಾಕಿ" ಅಂದರು. ನೋಡಿದೆವು. ಅಕ್ಕನಿಗೆ ಹಿಡಿಸಿತು, ನನಗೆ ನಿದ್ದೆ ಬಂತು, ಅಮ್ಮ ಎದ್ದು ಹೋಗಿ ಬೆಳಗ್ಗೆಗೆ ಕಾಳು ನೆನೆಹಾಕಿದಳು. ಅಲ್ಲಿಗೆ ಒಂದು ವಿಷಯ ಗೊತ್ತಾಯಿತು. ಈ ಜಾತಿಯ ಸಿನಿಮಾಗಳ ಅಂಕ ಹೆಚ್ಚುಕಡಿಮೆ ಎಲ್ಲ ಐದರಿಂದ ಏಳರ ಮಧ್ಯೆಯೇ ಸುತ್ತುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ. ನೋಡುಗರು ಯಾವುದಕ್ಕೆ ಬೈದಿದ್ದಾರೆ ಅನ್ನುವುದು ಮಾತ್ರ ನಿಜವಾಗಿ ಕೆಲಸಕ್ಕೆ ಬರುತ್ತದೆ.

ಎಲ್ಲದರಲ್ಲೂ ಇರುವುದು

ರಾಂಚ್ ಅಂದರೆ ನಮ್ಮ ಹೊಲ ತೋಟದಂಥದ್ದಲ್ಲ. ಮಾಂಸದ ದನ ಅಥವಾ ಕುದುರೆ ಮೇಯಿಸಲು ಇಟ್ಟುಕೊಂಡ ನೂರಾರು, ಸಾವಿರಾರು ಎಕರೆ ಹುಲ್ಲುಗಾವಲು. ಅಜ್ಜಂಪುರದ ಕಡೆಯ ಅಮೃತಮಹಲ್ ಕಾವಲು ನೋಡಿದವರಿಗೆ ಆ ಬಯಲಿನ ಅಂದಾಜು ಸಿಗುತ್ತದೆ. ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಜನರಿಗಿಂತ ದನಗಳೇ ಜಾಸ್ತಿ. ಜನ ಸುಮಾರು 11 ಲಕ್ಷ, ದನ ಅದರ ಎರಡರಷ್ಟು. ಕ್ರಿಸ್‌ಮಸ್ ಸಿನಿಮಾದವರು ಪದೇಪದೇ ಮೊಂಟಾನಾಕ್ಕೆ ಓಡುವುದು ದನಕ್ಕಾಗಿ ಅಲ್ಲ, ಹಿಮ ಮತ್ತು ಬೆಟ್ಟಕ್ಕಾಗಿ. 2018ರಲ್ಲಿ ಶುರುವಾದ ಯೆಲ್ಲೋಸ್ಟೋನ್ ಧಾರಾವಾಹಿ ಆ ರಾಜ್ಯದ ರಾಂಚ್‌ಗಳನ್ನು ಮನೆಮನೆಗೆ ತಂದಿತು. ಅದರ ಆಸೆ ಈ ಸಿನಿಮಾಗಳಿಗೂ ತಗುಲಿದೆ ಅಂತ ನನ್ನ ಲೆಕ್ಕ.

ಕಥೆ ಒಂದೇ. ರಾಂಚ್ ಸಾಲದಲ್ಲಿರುತ್ತದೆ, ಅಥವಾ ಅದರ ಮೇಲೆ ಯಾವುದೋ ಕಂಪನಿ ಕಣ್ಣು ಹಾಕಿರುತ್ತದೆ. ಪೇಟೆಯಿಂದ ಒಬ್ಬರು ಬರುತ್ತಾರೆ. ಹಳ್ಳಿಯಲ್ಲಿ ಇನ್ನೊಬ್ಬರು ಇರುತ್ತಾರೆ. ಇವರಿಬ್ಬರಲ್ಲಿ ಒಬ್ಬರಿಗಾದರೂ ತಾಯಿಯೋ ತಂದೆಯೋ ಹೆಂಡತಿಯೋ ತೀರಿಕೊಂಡಿರುತ್ತಾರೆ. ಮುಕ್ಕಾಲು ಭಾಗ ಆದಮೇಲೆ ಒಂದು ಗುಟ್ಟು ಬಯಲಾಗಿ ಜಗಳ. ಕೊನೆಯ ಐದು ನಿಮಿಷದಲ್ಲಿ ಹಿಮ, ದೀಪ, ಮುತ್ತು.

ಇದು ಹೀಗೇ ಇರಲು ಕಾರಣವಿದೆ. ಕೇಬಲ್ ಟಿವಿಯಲ್ಲಿ ಎರಡು ಗಂಟೆಯ ಜಾಗಕ್ಕೆ ಇವನ್ನು ಅಳೆದು ಹೊಲಿಯುತ್ತಾರೆ. ಜಾಹೀರಾತು ಕಳೆದರೆ ಉಳಿಯುವುದು ಸುಮಾರು 85 ನಿಮಿಷ. ಪ್ರತಿ ಜಾಹೀರಾತಿಗೆ ಮುಂಚೆ ಒಂದು ಸಣ್ಣ ಗಂಟು ಹಾಕಬೇಕು, ಇಲ್ಲದಿದ್ದರೆ ಜನ ಚಾನೆಲ್ ಬದಲಿಸುತ್ತಾರೆ. ಚಿತ್ರೀಕರಣ ಎರಡು ಮೂರು ವಾರದಲ್ಲಿ ಮುಗಿಯುತ್ತದೆ, ಅದೂ ಎಷ್ಟೋ ಸಲ ಬೇಸಿಗೆಯಲ್ಲಿ. ಹಿಮದ ಬದಲು ಕಾಗದದ ಚೂರು, ನೊರೆ, ಪುಡಿ ಮಾಡಿದ ಐಸ್. ಅಮೆರಿಕದ ಹಾಲ್‌ಮಾರ್ಕ್ ಚಾನೆಲ್ 2009ರಲ್ಲಿ ಕ್ರಿಸ್‌ಮಸ್ ಸರಣಿಯನ್ನು ದೊಡ್ಡ ಮಟ್ಟದಲ್ಲಿ ಶುರು ಮಾಡಿತು. ಲೈಫ್‌ಟೈಮ್, ಯುಪಿಟಿವಿ, ಆಮೇಲೆ ನೆಟ್‌ಫ್ಲಿಕ್ಸ್ ಎಲ್ಲರೂ ಅದೇ ಸಂತೆಗೆ ಬಂದರು.

ಹಾಗಾಗಿ "ಕಥೆ ಮೊದಲೇ ಗೊತ್ತಾಗುತ್ತದೆ" ಅನ್ನುವ ಟೀಕೆಯನ್ನು ಬಿಟ್ಟುಬಿಡಿ. ಅದು ಎಲ್ಲದಕ್ಕೂ ಅನ್ವಯಿಸುತ್ತದೆ. ಹಬ್ಬಕ್ಕೆ ಒಬ್ಬಟ್ಟು ಮಾಡಿದಾಗ ಒಳಗೆ ಹೂರಣ ಇದೆ ಅಂತ ಯಾರೂ ದೂರು ಕೊಡುವುದಿಲ್ಲ, ಅಲ್ವಾ?

ಖಾಲಿ ಕಾಫಿ ಲೋಟದ ದೂರನ್ನೂ ಬಿಡಿ. ನಟರು ಕೈಯಲ್ಲಿ ಹಿಡಿದ ಕಾಗದದ ಲೋಟದಲ್ಲಿ ಏನೂ ಇರುವುದಿಲ್ಲ, ಬೀಸಿಕೊಂಡು ಓಡಾಡುತ್ತಾರೆ. ಈ ತಮಾಷೆ ಈ ಸಿನಿಮಾ ನೋಡುವವರಿಗೆಲ್ಲ ಹಳೆಯದು. ಅಕ್ಕನಂತೂ ಈಗ ಖಾಲಿ ಲೋಟ ಎಣಿಸುವುದನ್ನೇ ಆಟ ಮಾಡಿಕೊಂಡಿದ್ದಾಳೆ.

ಬೈಯುವವರಲ್ಲಿ ಮೂರು ಬಗೆ

ಸುಮ್ನೆ ಒಂದು ಹತ್ತು ಅಭಿಪ್ರಾಯ ಓದಿ ನೋಡಿ. ಬರೆದವರು ಏನು ಹುಡುಕಿಕೊಂಡು ಬಂದಿದ್ದರು ಅನ್ನುವುದು ಎರಡೇ ಸಾಲಿನಲ್ಲಿ ಸಿಕ್ಕಿಬೀಳುತ್ತದೆ.

ಕೆಲವರು ಹಬ್ಬಕ್ಕಾಗಿ ಬಂದಿರುತ್ತಾರೆ. ಮರ ಸಾಕಷ್ಟು ದೊಡ್ಡದಿರಲಿಲ್ಲ, ಹಿಮ ನಕಲಿ, ಕುಕೀಸ್ ಮಾಡುವ ದೃಶ್ಯವೇ ಇಲ್ಲ ಅಂತ ಅವರ ಗೋಳು. ನಮ್ಮಕ್ಕ ಈ ಗುಂಪು. ಇನ್ನು ಕೆಲವರು ಜೋಡಿಗಾಗಿ ಬಂದಿರುತ್ತಾರೆ. ಇಬ್ಬರ ನಡುವೆ ಏನೂ ಹೊತ್ತಿಕೊಳ್ಳಲಿಲ್ಲ, ಅಣ್ಣ ತಂಗಿಯ ಹಾಗಿದ್ದರು, ಒಂದು ಮುತ್ತಿಗೆ 80 ನಿಮಿಷ ಕಾಯಿಸಿದರು ಅಂತ ಬರೆಯುತ್ತಾರೆ. ನಾನು ಇಲ್ಲಿ ಸೇರುತ್ತೇನೆ. ಮೂರನೆಯವರು ಕಡಿಮೆ, ಆದರೆ ಅವರ ಮಾತೇ ಚೂಪು. ಅವರು ರಾಂಚ್‌ಗಾಗಿ ಬಂದವರು. ಬೂಟಿನಲ್ಲಿ ಒಂದು ಚೂರು ಸಗಣಿ ಇಲ್ಲ, ದನ ಎಲ್ಲಿ, ಕುದುರೆಗೆ ತಡಿ ಕಟ್ಟಿದ್ದೇ ತಪ್ಪು, ಇಷ್ಟು ಚಳಿಯಲ್ಲಿ ಕೋಟಿನ ಗುಂಡಿ ಬಿಚ್ಚಿಕೊಂಡು ಯಾರು ನಿಲ್ಲುತ್ತಾರೆ ಅಂತ ಕೇಳುತ್ತಾರೆ. ಅಮ್ಮ ಬರೆಯಲು ಕೂತರೆ ಇದನ್ನೇ ಬರೆದಾಳು.

ಒಂದು ಗುಂಪಿನ ಬೈಗುಳ ಇನ್ನೊಂದು ಗುಂಪಿಗೆ ಆಮಂತ್ರಣ ಪತ್ರಿಕೆ. "ಪೂರ್ತಿ ಸಿನಿಮಾದಲ್ಲಿ ಒಂದೇ ಮುತ್ತು, ಅದೂ ಕೊನೆಯಲ್ಲಿ" ಅಂತ ಒಬ್ಬರು ಒಂದು ನಕ್ಷತ್ರ ಕೊಟ್ಟರೆ, ಮಾವನವರ ಜೊತೆ ಕೂತು ನೋಡಬೇಕಾದ ಸೊಸೆಗೆ ಅದಕ್ಕಿಂತ ಒಳ್ಳೆಯ ಸುದ್ದಿ ಬೇಕಾ?

ಇನ್ನು ಹೋಲಿಕೆಗೆ ಬರೋಣ. ನಾವು ಆ ತಿಂಗಳು ನೋಡಿದ್ದರಲ್ಲಿ ನೆನಪಿಡುವಂಥವು ಏಳು.

ಎ ಕ್ಯಾಲಿಫೋರ್ನಿಯಾ ಕ್ರಿಸ್‌ಮಸ್ (2020)

ಇದರ ಬಗ್ಗೆ ಜಾಸ್ತಿ ಹೇಳುತ್ತೇನೆ. ಯಾಕೆಂದರೆ ಭಾರತದಲ್ಲಿರುವವರ ಕೈಗೆ ಸುಲಭವಾಗಿ ಸಿಗುವುದು ಇದೇ. ನೆಟ್‌ಫ್ಲಿಕ್ಸ್‌ನದ್ದು. ಆದ್ದರಿಂದ ಟಿವಿಯ ಅಳತೆಗೆ ಹೊಲಿದದ್ದಲ್ಲ, ಒಂದೂಮುಕ್ಕಾಲು ಗಂಟೆ ಓಡುತ್ತದೆ.

ಶ್ರೀಮಂತ ಮನೆಯ ಜೋಸೆಫ್‌ಗೆ ಒಂದು ಕೆಲಸ ಬರುತ್ತದೆ. ಕ್ಯಾಲಿ ಅನ್ನುವವಳ ಡೇರಿ ಜಮೀನನ್ನು ಕಂಪನಿಗೆ ಮಾರುವಂತೆ ಅವಳನ್ನು ಒಪ್ಪಿಸಬೇಕು. ಅವನು ಅಲ್ಲಿಗೆ ಹೋದಾಗ ಕೆಲಸಕ್ಕೆ ಬರಬೇಕಿದ್ದ ಮ್ಯಾನಿ ಅನ್ನುವ ಆಳು ಇವನೇ ಅಂದುಕೊಳ್ಳುತ್ತಾಳೆ. ಇವನೂ ಹೌದು ಅನ್ನುತ್ತಾನೆ. ಆಮೇಲೆ ಕೊಟ್ಟಿಗೆ ಕೆಲಸ ಬಾರದೆ ಒದ್ದಾಡುತ್ತಾನೆ. ನಿಜವಾದ ಮ್ಯಾನಿಯನ್ನು ಬೇರೆ ಕಡೆ ಇಟ್ಟುಕೊಂಡು ಅವನಿಂದಲೇ ಪಾಠ ಹೇಳಿಸಿಕೊಳ್ಳುವ ಭಾಗ ನಗು ತರಿಸುತ್ತದೆ.

ಜೋಡಿ ಲಾರೆನ್ ಸ್ವಿಕಾರ್ಡ್ ಮತ್ತು ಜೋಶ್ ಸ್ವಿಕಾರ್ಡ್. ಆಗ ನಿಜ ಜೀವನದಲ್ಲೂ ಗಂಡ ಹೆಂಡತಿ. ಚಿತ್ರಕಥೆಯೂ ಲಾರೆನ್‌ಳದ್ದೇ. 2020ರ ಬೇಸಿಗೆಯಲ್ಲಿ, ಕೋವಿಡ್ ನಡುವೆ ತೆಗೆದದ್ದು. ಗಂಡ ಹೆಂಡತಿಯಾದರೆ ಒಬ್ಬರನ್ನೊಬ್ಬರು ಮುಟ್ಟಲು ಭಯವಿಲ್ಲ, ಅಷ್ಟು ಅನುಕೂಲ. ಜೋಡಿಗಾಗಿ ನೋಡುವವರು ಇದನ್ನು ಮೆಚ್ಚುವುದು ಇದಕ್ಕೇ. ಇಬ್ಬರೂ ಜಗಳವಾಡುವಾಗ ಕೂಡ ಹತ್ತಿರದವರ ಹಾಗೆ ಕಾಣುತ್ತಾರೆ.

ಹಬ್ಬದವರಿಗೆ ಮಾತ್ರ ಇದು ಮೋಸ. ಹೆಸರಿನಲ್ಲಿ ಇರುವಷ್ಟು ಕ್ರಿಸ್‌ಮಸ್ ಸಿನಿಮಾದಲ್ಲಿ ಇಲ್ಲ ಅಂತ ಬಹಳ ಜನ ಗೊಣಗಿದ್ದಾರೆ. ಸರಿಯಾಗಿಯೇ ಹೇಳಿದ್ದಾರೆ. ಬಿಸಿಲು, ಹಸಿರು, ದ್ರಾಕ್ಷಿ ತೋಟ. ಅಕ್ಕ ಅರ್ಧ ಗಂಟೆ ಆದಮೇಲೆ, "ಮರ ಯಾವಾಗ ಬರುತ್ತೆ ಇದರಲ್ಲಿ?" ಅಂತ ಕೇಳಿದಳು. ಇನ್ನೊಂದು ಎಚ್ಚರಿಕೆ. ಕ್ಯಾಲಿಯ ಅಮ್ಮನಿಗೆ ಕ್ಯಾನ್ಸರ್. ಹಗುರವಾಗಿ ನಕ್ಕು ಮಲಗೋಣ ಅಂದುಕೊಂಡವರಿಗೆ ಅದು ಭಾರವಾಗಬಹುದು. ಮನೆಯಲ್ಲಿ ಆ ಕಾಯಿಲೆ ಕಂಡವರಂತೂ ಮೊದಲೇ ತಿಳಿದಿರುವುದು ಒಳ್ಳೆಯದು.

ಅಮ್ಮನ ಆಕ್ಷೇಪ ಬೇರೆಯೇ. "ಹಾಲು ಕರೆಯೋ ಮನೇಲಿ ಇಷ್ಟು ಪುರುಸೊತ್ತು ಯಾರಿಗಿರುತ್ತೆ?" ಅಂದಳು. ಮಾಂಸದ ದನ ಸಾಕುವವರು ಒಂದು ದಿನ ಮೇವು ಹಾಕಿ ಊರಿಗೆ ಹೋಗಿ ಬರಬಹುದು. ಡೇರಿಯವರಿಗೆ ಅದು ಆಗದು. ಬೆಳಗ್ಗೆ, ಸಂಜೆ, ಹಬ್ಬ, ಸಾವು, ಮದುವೆ ಏನೇ ಇರಲಿ ಕೆಚ್ಚಲು ಕಾಯುವುದಿಲ್ಲ. ಅಮ್ಮ ನನ್ನ ಮದುವೆಯ ದಿನವೂ ಹಾಲು ಕರೆದೇ ಛತ್ರಕ್ಕೆ ಬಂದಿದ್ದಳು. ಅದನ್ನು ಬಿಟ್ಟರೆ ಪೇಟೆಯವನು ಹಸುವಿನ ಮುಂದೆ ಪೆಚ್ಚಾಗುವುದನ್ನು ನೋಡಿ ಅವಳಷ್ಟು ನಕ್ಕವರು ಆ ಮನೆಯಲ್ಲಿ ಬೇರೆ ಇಲ್ಲ.

2021ರಲ್ಲಿ ಇದರ ಮುಂದುವರಿದ ಭಾಗ ಬಂತು. ಕಥೆ ಪೇಟೆಗೆ ಹೋಗುತ್ತದೆ. ರಾಂಚ್‌ಗಾಗಿ ನೋಡುವವರು ಮೊದಲನೆಯದಕ್ಕೇ ನಿಲ್ಲಿಸಬಹುದು.

ಮಿಸ್ಲ್‌ಟೋ ಇನ್ ಮೊಂಟಾನಾ (2021) ಮತ್ತು ಕ್ರಿಸ್‌ಮಸ್ ಇನ್ ಮೊಂಟಾನಾ (2019)

ಮೊದಲನೆಯದು ಲೈಫ್‌ಟೈಮ್ ಚಾನೆಲ್‌ನದ್ದು, ಎರಡನೆಯದು ಹಾಲ್‌ಮಾರ್ಕ್‌ನವರದ್ದು, ಆದರೆ ಎರಡರ ಹೆಸರೂ ಒಂದೇ ಥರ. ಹುಡುಕುವಾಗ ವರ್ಷ ಹಾಕದಿದ್ದರೆ ಒಂದರ ಬದಲು ಇನ್ನೊಂದು ನೋಡಿ ಮುಗಿಸಿರುತ್ತೀರಿ.

ಮಿಸ್ಲ್‌ಟೋದಲ್ಲಿ ಮೆಲಿಸಾ ಜೋನ್ ಹಾರ್ಟ್ ಇದ್ದಾಳೆ. ತೊಂಬತ್ತರ ದಶಕದಲ್ಲಿ ಮಾಟಗಾತಿ ಹುಡುಗಿ ಸಬ್ರೀನಾ ಆಗಿದ್ದವಳು. ಇಲ್ಲಿ ಅವಳು ರಾಂಚ್ ನಡೆಸುವ ಮೆರ್ರಿ. ಈ ರಾಂಚ್ ಅತಿಥಿಗಳಿಗೂ ತೆರೆದದ್ದು, ಅಂದರೆ ನಮ್ಮ ಮಡಿಕೇರಿ, ಸಕಲೇಶಪುರದ ಕಾಫಿ ತೋಟದ ಹೋಮ್‌ಸ್ಟೇ ಇದ್ದ ಹಾಗೆ. ಮಾರ್ಕ್ ಅನ್ನುವ ಒಂಟಿ ತಂದೆ ಮಕ್ಕಳ ಜೊತೆ ಹಬ್ಬ ಕಳೆಯಲು ಬರುತ್ತಾನೆ. ಆ ಪಾತ್ರ ಡ್ವೇನ್ ಹೆನ್ರಿಯದ್ದು.

ಇಲ್ಲಿ ಒಂದು ಜಾಣತನವಿದೆ. ಹೋಮ್‌ಸ್ಟೇ ರಾಂಚ್ ಆದ್ದರಿಂದ ಎಲ್ಲ ಚೊಕ್ಕವಾಗಿರುವುದಕ್ಕೆ ನೆಪ ಸಿಗುತ್ತದೆ. ಬಂದವರಿಗೆ ಅಲಂಕಾರ ಬೇಕು, ಕುದುರೆ ಸವಾರಿ ಬೇಕು, ಬಿಸಿ ಚಾಕಲೇಟ್ ಬೇಕು. ಆದ್ದರಿಂದ ಬೂಟು ಶುಭ್ರವಾಗಿದೆ ಅಂತ ಯಾರೂ ಅಷ್ಟು ಸಿಟ್ಟಾಗುವ ಹಾಗಿಲ್ಲ. ಯಾರಿಗೂ ರಕ್ತದೊತ್ತಡ ಏರುವುದಿಲ್ಲ. ಅಕ್ಕನ ಮೊದಲ ಆಯ್ಕೆ ಇದು. ನನಗೆ ಇದು ಕೊಂಚ ಸಕ್ಕರೆ ಜಾಸ್ತಿ ಅನ್ನಿಸಿತು. ಮಕ್ಕಳು ಇದ್ದ ಕಡೆಯೆಲ್ಲ ಕಥೆ ಮಕ್ಕಳ ಕಡೆ ವಾಲುತ್ತದೆ. ಜೋಡಿಗೆ ಮಾತಾಡಲು ಸಮಯವೇ ಸಿಗುವುದಿಲ್ಲ. ಮಕ್ಕಳೊಂದಿಗೆ ನೋಡುವವರಿಗೆ ಅದೇ ಅನುಕೂಲ.

ಕ್ರಿಸ್‌ಮಸ್ ಇನ್ ಮೊಂಟಾನಾದಲ್ಲಿ ಹಣಕಾಸು ಸಲಹೆಗಾರ್ತಿ ಸಾರಾ ಬಂದು ಟ್ರಾವಿಸ್‌ನ ರಾಂಚ್ ಉಳಿಸಲು ಲೆಕ್ಕಪತ್ರ ನೋಡುತ್ತಾಳೆ. ಕೆಲ್ಲಿ ಮಾರ್ಟಿನ್, ಕಾಲಿನ್ ಫರ್ಗುಸನ್ ಇಬ್ಬರೂ ಇಪ್ಪತ್ತರ ಹುಡುಗ ಹುಡುಗಿಯಲ್ಲ, ಬದುಕು ಕಂಡವರ ಮುಖ. ಅದು ನನಗೆ ಹಿಡಿಸಿತು. ಭಾವನಿಗಂತೂ ಸಾಲದ ಲೆಕ್ಕ ಬಂದಾಗ ಎಚ್ಚರವಾಯಿತು.

ಸಾಲದ ವಿಷಯದಲ್ಲಿ ಒಂದು ಮಾತು. "ಕ್ರಿಸ್‌ಮಸ್‌ಗೆ ಸರಿಯಾಗಿ ಬ್ಯಾಂಕಿನವರು ಬರುವುದು ಎಂಥ ನಾಟಕ" ಅಂತ ನಗುವವರಿದ್ದಾರೆ. ಪೂರ್ತಿ ಸುಳ್ಳೇನಲ್ಲ. ಅಲ್ಲಿ ಕರುಗಳನ್ನು ಹೆಚ್ಚಾಗಿ ಅಕ್ಟೋಬರ್, ನವೆಂಬರ್ ಹೊತ್ತಿಗೆ ತಾಯಿಯಿಂದ ಬಿಡಿಸಿ ಮಾರುತ್ತಾರೆ. ವರ್ಷದ ದೊಡ್ಡ ಆದಾಯ ಅದೊಂದೇ ಸಲ. ವರ್ಷದ ಖರ್ಚಿಗೆ ತೆಗೆದ ಸಾಲವನ್ನು ಆ ದುಡ್ಡಿನಲ್ಲಿ ತೀರಿಸಿ, ಮುಂದಿನ ವರ್ಷಕ್ಕೆ ಮತ್ತೆ ಕೇಳಬೇಕು. ಕರುವಿನ ರೇಟು ಬಿದ್ದ ವರ್ಷ ಡಿಸೆಂಬರ್ ಕಷ್ಟವೇ. ಸಿನಿಮಾದವರು ಅದನ್ನು 24ನೇ ತಾರೀಖಿಗೇ ತಂದು ನಿಲ್ಲಿಸುತ್ತಾರೆ, ಅಷ್ಟೆ.

ಎ ಕೌಬಾಯ್ ಕ್ರಿಸ್‌ಮಸ್ ರೊಮಾನ್ಸ್ (2023)

ಇದು ಮಿಸ್ಲ್‌ಟೋದ ಹಾಗೆ ಲೈಫ್‌ಟೈಮ್‌ನದ್ದು. ಇದರ ಬಗ್ಗೆ ಬಂದ ಅಭಿಪ್ರಾಯಗಳಷ್ಟು ಸೀಳಿಹೋದ ಅಭಿಪ್ರಾಯ ಬೇರೆಯದಕ್ಕೆ ಇಲ್ಲ. ಕಾರಣ ಒಂದೇ ದೃಶ್ಯ. ಆ ಚಾನೆಲ್‌ನ ಕ್ರಿಸ್‌ಮಸ್ ಸಿನಿಮಾಗಳಲ್ಲಿ ಹಾಸಿಗೆಯ ದೃಶ್ಯ ಬಂದದ್ದು ಇದರಲ್ಲೇ ಮೊದಲು ಅಂತ ಬಿಡುಗಡೆಗೆ ಮುಂಚೆಯೇ ಸುದ್ದಿಯಾಗಿತ್ತು.

ಕಥೆಯಲ್ಲಿ ಹೊಸದೇನಿಲ್ಲ. ಲೆಕ್ಸಿ ದೊಡ್ಡ ದೊಡ್ಡ ಆಸ್ತಿ ವ್ಯವಹಾರ ಮುಗಿಸಿಕೊಡುವವಳು. ತಾನು ಬಿಟ್ಟು ಹೋದ ಅರಿಜೋನಾದ ಊರಿಗೇ ಬಂದು ಅಲ್ಲಿನ ರಾಂಚ್‌ನವನನ್ನು ಮಾರಲು ಒಪ್ಪಿಸಬೇಕು. ಮನೆಯವರ ಜೊತೆ ಹಳೆಯ ಮುನಿಸೂ ಇದೆ. ಲೆಕ್ಸಿಯಾಗಿ ಜಾನಾ ಕ್ರೇಮರ್, ರಾಂಚ್‌ನವನಾಗಿ ಆಡಮ್ ಸೆನ್.

ಇದನ್ನು ಮೆಚ್ಚಿದವರು, ಕೊನೆಗೂ ದೊಡ್ಡವರ ಹಾಗೆ ನಡೆದುಕೊಳ್ಳುವ ಜೋಡಿ ಸಿಕ್ಕಿತು ಅನ್ನುತ್ತಾರೆ. ಸಿಟ್ಟಾದವರು, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಂಬಿಕೆಯಿಂದ ಹಾಕಿದ್ದೆವು ಅನ್ನುತ್ತಾರೆ. ಇಬ್ಬರ ಮಾತಿನಲ್ಲೂ ಅರ್ಥವಿದೆ. ಇಂಥ ಸಿನಿಮಾಗಳು ಮಾರುವುದು ನಂಬಿಕೆಯನ್ನೇ. ಇಲ್ಲಿ ಏನೂ ಆಗಬಾರದ್ದು ಆಗುವುದಿಲ್ಲ ಅನ್ನುವ ನಂಬಿಕೆ. ಆದರೂ ನನ್ನ ಪ್ರಕಾರ, ಕಣ್ಣಲ್ಲಿ ಕಣ್ಣಿಟ್ಟು 80 ನಿಮಿಷ ನಿಲ್ಲುವ ಜೋಡಿಗಳಿಗಿಂತ ಇವರಿಬ್ಬರು ಜೀವಂತವಾಗಿದ್ದಾರೆ. ದೃಶ್ಯ ಕೂಡ ಸುದ್ದಿಯಾದಷ್ಟು ದೊಡ್ಡದಲ್ಲ. ನಮ್ಮಲ್ಲಿ ಓಟಿಟಿ ನೋಡುವವರಿಗೆ ಅದು ಲೆಕ್ಕಕ್ಕೇ ಬಾರದು.

ಲೆಕ್ಕಕ್ಕೆ ಬಂದದ್ದು ಅಮ್ಮ ಪಕ್ಕದಲ್ಲಿದ್ದಾಗ! ಆ ದೃಶ್ಯಕ್ಕೆ ಸರಿಯಾಗಿ ಭಾವನಿಗೆ ಫೋನ್ ಬಂದ ಹಾಗಾಯಿತು, ಅಕ್ಕನಿಗೆ ಒಲೆ ಆರಿಸಿದೆನೋ ಇಲ್ಲವೋ ಅಂತ ಅನುಮಾನ ಬಂತು. ಅಮ್ಮ ಮಾತ್ರ ಅಲ್ಲೇ ಕೂತು, "ಇವರ ದನ ಎಲ್ಲಿ ಕಟ್ಟಿದ್ದಾರೆ, ಒಂದೂ ಕಾಣಲ್ಲ" ಅಂದಳು.

ಅರಿಜೋನಾ ಮರುಭೂಮಿಯ ರಾಜ್ಯ. ಹಿಮಕ್ಕಾಗಿ ಬರುವವರಿಗೆ ನಿರಾಸೆ. ನನಗೆ ಅದೂ ಇಷ್ಟವಾಯಿತು, ಕಾಗದದ ಹಿಮಕ್ಕಿಂತ ನಿಜವಾದ ಧೂಳು ವಾಸಿ.

ಎರಡು ಸಿನಿಮಾ, ಒಬ್ಬ ಅಜ್ಜಿ

ಕ್ರಿಸ್‌ಮಸ್ ಆನ್ ದ ರೇಂಜ್ (2019), ಕ್ರಿಸ್‌ಮಸ್ ಅಟ್ ದ ರಾಂಚ್ (2021). ಎರಡರಲ್ಲೂ ಲಿಂಡ್ಸೆ ವ್ಯಾಗ್ನರ್ ಇದ್ದಾಳೆ. ಎಪ್ಪತ್ತರ ದಶಕದಲ್ಲಿ ಬಯಾನಿಕ್ ವುಮನ್ ಅನ್ನುವ ಟಿವಿ ಧಾರಾವಾಹಿಯಿಂದ ಮನೆಮಾತಾಗಿದ್ದ ನಟಿ. ಅವಳು ಬಂದ ದೃಶ್ಯಗಳಲ್ಲಿ ಸಿನಿಮಾ ತಾನಾಗಿಯೇ ನೆಟ್ಟಗಾಗುತ್ತದೆ.

ರೇಂಜ್‌ನಲ್ಲಿ ಕೆಂಡಾಲ್ ತನ್ನ ಕುಟುಂಬದ ದನದ ರಾಂಚ್ ಉಳಿಸಿಕೊಳ್ಳಲು ಹೆಣಗುತ್ತಾಳೆ. ಅದನ್ನು ನುಂಗಲು ಹೊರಟವನು ಪೇಟೆಯ ಕಂಪನಿಯವನಲ್ಲ, ಪಕ್ಕದ ರಾಂಚ್‌ನ ಯಜಮಾನ. ಅವನ ಮಗನ ಮೇಲೆಯೇ ಇವಳಿಗೆ ಮನಸ್ಸು. ನಮ್ಮಲ್ಲಿ ಬದುವಿನ ಜಗಳ ಕಂಡವರಿಗೆ ಇದು ಬೇಗ ತಟ್ಟುತ್ತದೆ. ಪಕ್ಕದ ಹೊಲದವರ ಜೊತೆ ಕೋರ್ಟಿಗೆ ಹೋದ ಮನೆಯಲ್ಲಿ ಅವರ ಮಗನನ್ನು ಇಷ್ಟಪಟ್ಟರೆ ಏನಾಗುತ್ತದೆ ಅಂತ ಯಾರೂ ಬಿಡಿಸಿ ಹೇಳಬೇಕಿಲ್ಲ. ಎರಿನ್ ಕೇಹಿಲ್, ನಿಕೊಲಾಸ್ ಗೊನ್ಜಾಲೆಜ್ ಜೋಡಿ. ಅಪ್ಪನಾಗಿ ಎ ಮಾರ್ಟಿನೆಜ್. ಪೇಟೆಯಿಂದ ಬಂದವರಿಗೆ ಹಳ್ಳಿ ಬುದ್ಧಿ ಕಲಿಸುವ ಕಥೆ ಕೇಳಿ ಬೇಸತ್ತವರು ಇದನ್ನೇ ಹಾಕಿಕೊಳ್ಳಿ. ಇಲ್ಲಿ ಮುಖ್ಯವಾದವರು ಮೊದಲಿಂದಲೂ ದನ ಸಾಕಿದವರೇ.

ಕ್ರಿಸ್‌ಮಸ್ ಅಟ್ ದ ರಾಂಚ್‌ನಲ್ಲಿ ಜೋಡಿ ಇಬ್ಬರೂ ಹೆಂಗಸರು. ಅಜ್ಜಿಯ ರಾಂಚ್ ಉಳಿಸಲು ಊರಿಗೆ ಮರಳುವ ಹೇಲಿ, ಅಲ್ಲಿ ಕೆಲಸಕ್ಕಿರುವ ಕೇಟ್. ಟೆಲ್ಲೋ ಫಿಲ್ಮ್ಸ್ ತಯಾರಿಸಿದ್ದು. ಹಣ ಕಡಿಮೆ ಅನ್ನುವುದು ಕಾಣುತ್ತದೆ. ಆದರೆ ಇಬ್ಬರು ಹೆಂಗಸರು ಅನ್ನುವುದನ್ನೇ ದೊಡ್ಡ ಸಮಸ್ಯೆ ಮಾಡಿ ಅಳಿಸುವುದಿಲ್ಲ. ಸಾಲ, ಹಳೆ ನೆನಪು, ಹಟ ಇವೇ ಸಮಸ್ಯೆ. ಬೇರೆಲ್ಲ ಜೋಡಿಗೆ ಇರುವಂತೆಯೇ ಇವರಿಗೂ ಒಂದು ಮಾಮೂಲಿ ಕ್ರಿಸ್‌ಮಸ್ ಕಥೆ. ಅಮ್ಮ ಇದನ್ನು ನೋಡಿ ಏನಂದಾಳೋ ಅಂತ ಅಕ್ಕ ಹೆದರಿದ್ದಳು. ಅಮ್ಮ ಕೊನೆತನಕ ನೋಡಿ, "ಆ ಕೆಲಸದ ಹುಡುಗಿಗೆ ಕುದುರೆ ಹತ್ತಿರ ನಿಲ್ಲೋಕೆ ಬರುತ್ತೆ" ಅಂದಳು. ಅಷ್ಟೆ.

ಎ ಹಾರ್ಟ್‌ಲ್ಯಾಂಡ್ ಕ್ರಿಸ್‌ಮಸ್ (2010)

ನನ್ನ ಮಟ್ಟಿಗೆ ಗೆದ್ದದ್ದು ಇದು. ಪಕ್ಷಪಾತ ಇರಬಹುದು, ಮೊದಲೇ ಹೇಳಿಬಿಡುತ್ತೇನೆ. ಅದು ನಡೆಯುವ ಜಾಗ ಅಕ್ಕನ ಮನೆಯಿಂದ ಕಾರಿನಲ್ಲಿ ಒಂದು ಗಂಟೆ ಕೂಡ ಇಲ್ಲ.

ಹಾರ್ಟ್‌ಲ್ಯಾಂಡ್ ಕೆನಡಾದ ಸಿಬಿಸಿ ಚಾನೆಲ್‌ನ ಧಾರಾವಾಹಿ. 2007ರಲ್ಲಿ ಶುರುವಾದದ್ದು. ಒಂದು ಗಂಟೆಯ ಕಥಾ ಧಾರಾವಾಹಿಗಳಲ್ಲಿ ಆ ದೇಶದಲ್ಲಿ ಇಷ್ಟು ದೀರ್ಘ ಕಾಲ ಓಡಿದ್ದು ಬೇರೆಯಿಲ್ಲ. ಅದರಲ್ಲಿ ಬರುವ ಹಡ್ಸನ್ ಊರು ನಿಜದಲ್ಲಿ ಆಲ್ಬರ್ಟಾದ ಹೈ ರಿವರ್. ಒಂದು ಭಾನುವಾರ ಹೋಗಿ ನೋಡಿ ಬಂದೆವು. ಧಾರಾವಾಹಿಯ ಹೋಟೆಲಿನ ಮುಂದೆ ಜನ ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅಕ್ಕನೂ ನಿಂತಳು.

ಈ ಕ್ರಿಸ್‌ಮಸ್ ಸಿನಿಮಾ ಆ ಧಾರಾವಾಹಿಯ ಜನರನ್ನೇ ಇಟ್ಟುಕೊಂಡು ಟಿವಿಗೆ ಮಾಡಿದ್ದು. ಕುದುರೆಗಳ ಮನಸ್ಸು ತಿಳಿದ ಏಮಿ, ಅವಳ ಜೊತೆಗಾರ ಟೈ. ಬೆಟ್ಟದಲ್ಲಿ ಹಿಮ ಕುಸಿದು ಕುದುರೆಗಳು ಸಿಕ್ಕಿಕೊಂಡು ಹಸಿದಿವೆ. ಇವರು ಅಲ್ಲಿಗೆ ಹೋಗುತ್ತಾರೆ. ಆಂಬರ್ ಮಾರ್ಷಲ್, ಗ್ರಹಾಂ ವಾರ್ಡ್ಲ್ ಆ ಹೊತ್ತಿಗೆ ವರ್ಷಗಳಿಂದ ಈ ಪಾತ್ರ ಮಾಡಿದವರು. ಕುದುರೆ ಪಕ್ಕ ನಿಲ್ಲುವುದು, ಲಗಾಮು ಹಿಡಿಯುವುದು ಎಲ್ಲ ಅಭ್ಯಾಸವಾದ ಕೈಗಳು.

ಇದರಲ್ಲಿ ಮಾತಾಡುವಾಗ ಬಾಯಿಂದ ಹೊಗೆ ಬರುತ್ತದೆ. ನಗಬೇಡಿ, ಇದು ದೊಡ್ಡ ವಿಷಯ. ಯಾವ ಸಿನಿಮಾದ ಚಳಿ ನಿಜ, ಯಾವುದು ಜುಲೈನಲ್ಲಿ ತೆಗೆದದ್ದು ಅಂತ ತಿಳಿಯಬೇಕಾದರೆ ನೆಲದ ಹಿಮ ನೋಡಬೇಡಿ, ಬಾಯಿ ನೋಡಿ. ಕುದುರೆಯ ಮೂಗೂ ನೋಡಿ. ಉಸಿರು ಕಾಣದಿದ್ದರೆ ನಟರು ಆ ಉಣ್ಣೆ ಕೋಟಿನೊಳಗೆ ಬೆವರುತ್ತಿದ್ದಾರೆ ಅಂತಲೇ ಅರ್ಥ. ಟೊಪ್ಪಿಯೂ ಗುಟ್ಟು ಬಿಟ್ಟುಕೊಡುತ್ತದೆ. ಮೈನಸ್ 25ರಲ್ಲಿ ದನಕ್ಕೆ ಹುಲ್ಲು ಹಾಕುವವರು, ನೀರಿನ ತೊಟ್ಟಿಯ ಮಂಜುಗಡ್ಡೆ ಒಡೆಯುವವರು ಕಿವಿ ಮುಚ್ಚುವ ಟೊಪ್ಪಿ ಹಾಕುತ್ತಾರೆ. ಅಂದದ ಕೌಬಾಯ್ ಹ್ಯಾಟಿನಲ್ಲಿ ಕಿವಿ ಉಳಿಯುವುದಿಲ್ಲ.

ಬೈಗುಳ ಇದಕ್ಕೂ ಇದೆ. ಧಾರಾವಾಹಿ ನೋಡದವರು, ಯಾರು ಯಾರಿಗೆ ಏನಾಗಬೇಕು ಅಂತ ತಿಳಿಯಲಿಲ್ಲ ಅನ್ನುತ್ತಾರೆ. ಅದು ನಿಜ. ತಾತ ಜ್ಯಾಕ್, ಅಕ್ಕ ಲೂ, ಅಪ್ಪ ಟಿಮ್ ಇವರೆಲ್ಲ ಪರಿಚಯವಿಲ್ಲದೆ ಬಂದು ಹೋಗುತ್ತಾರೆ. ಪ್ರೇಮವೂ ಇಲ್ಲಿ ಹೊಸದಾಗಿ ಹುಟ್ಟುವುದಿಲ್ಲ, ಆಗಲೇ ಇದ್ದದ್ದು. ಮೊದಲ ನೋಟ, ಮೊದಲ ಮುತ್ತು ಬೇಕಾದವರಿಗೆ ಇದಲ್ಲ.

ಹಾಗಾದರೆ ಯಾವುದು?

ಮನೆಯಲ್ಲಿ ಹಿರಿಯರು, ಮಕ್ಕಳು ಎಲ್ಲ ಒಟ್ಟಿಗೆ ಕೂತಿದ್ದರೆ ಮಿಸ್ಲ್‌ಟೋ ಅಥವಾ ಹಾರ್ಟ್‌ಲ್ಯಾಂಡ್. ಯಾರಿಗೂ ಇದ್ದಕ್ಕಿದ್ದಂತೆ ಅಡುಗೆಮನೆಗೆ ಓಡಬೇಕಾದ ಪ್ರಸಂಗ ಬರುವುದಿಲ್ಲ. ಗಂಡ ಹೆಂಡತಿ ಇಬ್ಬರೇ ಇದ್ದರೆ ಕ್ಯಾಲಿಫೋರ್ನಿಯಾ, ಅಳಲು ತಯಾರಿದ್ದರೆ ಮಾತ್ರ. ಅಳು ಬೇಡ ಅಂದರೆ ಕೌಬಾಯ್. ಅಲಂಕಾರ ನೋಡಿ ಕಣ್ಣು ತುಂಬಿಸಿಕೊಳ್ಳುವವರು ಮಿಸ್ಲ್‌ಟೋ ಬಿಟ್ಟು ಬೇರೆ ಕಡೆ ಹೋಗಬೇಡಿ. ಜೋಡಿ ಐವತ್ತರ ಹತ್ತಿರ ಇದ್ದರೆ ಒಳ್ಳೆಯದು ಅನ್ನುವವರಿಗೆ ಕ್ರಿಸ್‌ಮಸ್ ಇನ್ ಮೊಂಟಾನಾ. ಬಟ್ಟೆ ಮಡಚುತ್ತಾ, ಅರ್ಧ ಗಮನ ಕೊಟ್ಟು ನೋಡುವುದಾದರೆ ಯಾವುದಾದರೂ ಆಗುತ್ತದೆ. ಹತ್ತು ನಿಮಿಷ ತಪ್ಪಿದರೂ ಕಥೆ ಕಾದುಕೊಂಡೇ ಇರುತ್ತದೆ. ಜಾಹೀರಾತಿನ ಲೆಕ್ಕಕ್ಕೆ ಕಟ್ಟಿದ್ದರ ಲಾಭ ಅದು.

ಅಮ್ಮನಂಥವರಿಗೆ ಏನು ಹಾಕುವುದು? ಇದಕ್ಕೆ ಉತ್ತರ ಸಿಕ್ಕಿದ್ದು ಕೊನೆಯ ವಾರ. ಅದು ಪ್ರೇಮಕಥೆಯೇ ಅಲ್ಲ. ದ ಹಾರ್ಸಸ್ ಆಫ್ ಮೆಕ್‌ಬ್ರೈಡ್, 2012ರ ಕೆನಡಾದ ಟಿವಿ ಸಿನಿಮಾ. ಐಡನ್ ಕ್ವಿನ್ ಇದ್ದಾನೆ. ನಿಜವಾಗಿ ನಡೆದದ್ದನ್ನು ಇಟ್ಟುಕೊಂಡು ತೆಗೆದದ್ದು. 2008ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಕೊಲಂಬಿಯಾದ ಮೆಕ್‌ಬ್ರೈಡ್ ಹತ್ತಿರ, ರೆನ್‌ಶಾ ಬೆಟ್ಟದಲ್ಲಿ ಎರಡು ಕುದುರೆಗಳು ಹಿಮದಲ್ಲಿ ಸಿಕ್ಕಿಕೊಂಡಿದ್ದವು. ಬೆನ್ನೆಲುಬು ಎಣಿಸುವಷ್ಟು ಸೊರಗಿದ್ದವು. ಊರಿನವರು ಹಬ್ಬದ ದಿನಗಳಲ್ಲೇ ಸಲಿಕೆ ಹಿಡಿದು ಹೋಗಿ, ಆಳೆತ್ತರದ ಹಿಮದಲ್ಲಿ ಸುಮಾರು ಒಂದು ಕಿಲೋಮೀಟರ್ ದಾರಿ ಕೊರೆದು ಅವನ್ನು ಕೆಳಗೆ ತಂದರು.

ಆ ರಾತ್ರಿ ಯಾರೂ ಲೋಟ ಎಣಿಸಲಿಲ್ಲ, ಭಾವ ಅಂಕ ನೋಡಲಿಲ್ಲ. ಕುದುರೆಗಳ ಮುಂದೆ ಹುಲ್ಲು ಬಿದ್ದಾಗ ಅಮ್ಮ ಸೋಫಾದ ತುದಿಗೆ ಬಂದು ಕೂತಿದ್ದಳು.

"ಏಯ್, ಒಂದೇ ಸಲ ಅಷ್ಟು ಹಾಕಬಾರದು" ಅಂದಳು ಟಿವಿಗೆ. "ಹಸಿದ ಹೊಟ್ಟೆ, ತಡೆಯಲ್ಲ. ಸ್ವಲ್ಪ ಸ್ವಲ್ಪ ಹಾಕಿ."